ಅಮೃತೂರಿನಿಂದ ಹೊರಟ ಹಾಲಿನ ಲೆಕ್ಕ

ಕುಣಿಗಲ್ಲಿಗೆ ರೈಲು ಬಂದದ್ದು 2017ರಲ್ಲಿ. ಅಲ್ಲಿಯವರೆಗೆ ಬೆಂಗಳೂರಿನಿಂದ ಹಾಸನಕ್ಕೆ ರೈಲಿನಲ್ಲಿ ಹೋಗುವವರು ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿ ಬರಬೇಕಿತ್ತು. ಈಗ ನೆಲಮಂಗಲ ದಾಟಿದ ಮೇಲೆ ಸೋಲೂರಿನ ಬಂಡೆಗುಡ್ಡಗಳು, ಅವುಗಳ ಸಂದಿಯಲ್ಲಿ ರಾಗಿ ಹೊಲ, ಆಮೇಲೆ ಕುಣಿಗಲ್. ಕಿಟಕಿ ಪಕ್ಕ ಸೀಟು ಸಿಕ್ಕಿದ್ದರೂ ನಾನು ಅರ್ಧ ದಾರಿ ಹೊರಗೆ ನೋಡಲಿಲ್ಲ. ಮೊಬೈಲಿನಿಂದ ಇಂಟರ್ನೆಟ್ ಎಳೆದುಕೊಂಡು, ಲ್ಯಾಪ್‌ಟಾಪಿನಿಂದ ಬೆಂಗಳೂರಿನ ಒಂದು ಸರ್ವರಿಗೆ ಒಂದೇ ಒಂದು ಸಂಪರ್ಕ ತೆರೆದಿಟ್ಟು, ಅದು ಎಲ್ಲಿ ಕಡಿಯುತ್ತದೆಂದು ಕಾಯುತ್ತಿದ್ದೆ. ಗುಡ್ಡದ ಮರೆಗೆ ಹೋದಾಗ ಸಿಗ್ನಲ್ಲಿನ ಗೀಟು ಒಂದಕ್ಕಿಳಿಯಿತು, ಆಮೇಲೆ ಅದೂ ಹೋಯಿತು. ಸಂಪರ್ಕ ಮಾತ್ರ ಸಾಯಲಿಲ್ಲ. ಬೆಟ್ಟದಿಂದಾಚೆ ಇನ್ನೊಂದು ಟವರು ಕೈಗೆ ಸಿಕ್ಕಿದ ಕೂಡಲೇ, ನಡುವೆ ಕಳೆದುಹೋದ ಅಕ್ಷರಗಳನ್ನೆಲ್ಲ ಟಿಸಿಪಿ ಎಂಬ ಸಂಪರ್ಕದ ನಿಯಮ ಮತ್ತೆ ಕಳಿಸಿ, ಆ ತುದಿಯಲ್ಲಿ ಒಂದೂ ಆಚೀಚೆಯಾಗದಂತೆ ಜೋಡಿಸಿಕೊಟ್ಟಿತು.

ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದರೂ ಇದನ್ನು ಕಂಡರೆ ನನಗೆ ಬೆರಗು ಹೋಗಿಲ್ಲ. 1974ರಲ್ಲಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಬರೆದ ಲೇಖನದಲ್ಲಿ ಹುಟ್ಟಿ, 1981ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 793 ಎಂದು ಅಚ್ಚಾದ ನಿಯಮ ಸೋಲೂರಿನ ಗುಡ್ಡದ ಹಿಂದೆಯೂ ನಡೆಯುತ್ತಿದೆ. ದಾರಿ ಕೆಟ್ಟೇ ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು.

ಆದರೆ ನಾನು ಹೊರಟದ್ದು ಸಂಪರ್ಕ ಉಳಿದದ್ದನ್ನು ನೋಡಲು ಅಲ್ಲ. ಅಮೃತೂರು ಹೋಬಳಿಯ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ, ಹಾಲಿನ ಲೆಕ್ಕವನ್ನು ಸರ್ವರಿಗೆ ಕಳಿಸುವ ಒಂದು ಪುಟ್ಟ ಲಿನಕ್ಸ್ ಪೆಟ್ಟಿಗೆ ಕೂತಿದೆ. ಅದರ ಕೋಡು ನೋಡಿಕೊಳ್ಳುವುದು ಈಗ ನನ್ನ ಪಾಲಿನ ಕೆಲಸ. ಬೆಂಗಳೂರಿನ ಮೇಜಿನ ಮೇಲಿಟ್ಟರೆ ಅದು ಎಂದೂ ಮುನಿಸಿಕೊಳ್ಳದು. ಆ ಹಳ್ಳಿಯಲ್ಲಿ ಮಾತ್ರ, ಮಳೆಗೆ ಒಂದೆರಡು ದಿನ ನೆಟ್‌ವರ್ಕ್ ಹೋಗಿ ಬಂದರೆ ಮುಗಿಯಿತು. ಆಮೇಲೆ ನೆಟ್‌ವರ್ಕ್ ಎಷ್ಟೇ ಚೆನ್ನಾಗಿದ್ದರೂ ಲೆಕ್ಕ ಹೋಗುತ್ತಿರಲಿಲ್ಲ. ‘ಕಳಿಸಲು ಆಗಲಿಲ್ಲ, ಮತ್ತೆ ಪ್ರಯತ್ನಿಸಿ’ ಅನ್ನುತ್ತಿತ್ತು. ಮತ್ತೆ ಪ್ರಯತ್ನಿಸಿದರೆ ಮತ್ತೆ ಅದೇ.

ಕುಣಿಗಲ್ ದೊಡ್ಡಕೆರೆಯ ಹಾಡು ಯಾರಿಗೆ ಗೊತ್ತಿಲ್ಲ? ಕೆರೆಯನ್ನೂ ಕುದುರೆ ಫಾರಂ ಅನ್ನೂ ದೂರದಿಂದಲೇ ಕಣ್ಣಲ್ಲಿ ತುಂಬಿಕೊಂಡು ಅಮೃತೂರಿನ ಬಸ್ಸು ಹತ್ತಿದೆ. ತೆಂಗಿನ ತೋಟ, ರಾಗಿ, ಮತ್ತೆ ತೆಂಗು. ಅಮೃತೂರಿನ ಹತ್ತಿರ ಬಂದಂತೆ ಕಾಲುವೆ ಕಾಣಿಸಿಕೊಂಡು ಹಸಿರಿನ ಬಣ್ಣವೇ ಬದಲಾಗುತ್ತದೆ; ಗದ್ದೆ ಶುರು. ಹೋಬಳಿ ಕೇಂದ್ರವಾದ್ದರಿಂದ ನಾಡಕಚೇರಿ ಇಲ್ಲೇ ಇದೆ. ಅಲ್ಲಿ ಪಹಣಿಗೆ ನಿಂತವರು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಬಂದ ಕಾಲೇಜು ಹುಡುಗಿಯರು, ‘ಸರ್ವರ್ ಬಂತಾ?’ ಎಂದು ಮಳೆ ಬಂತಾ ಅನ್ನುವ ದನಿಯಲ್ಲಿ ಕೇಳುವ ಮುದುಕರು. ಕರ್ನಾಟಕದ ಹಳ್ಳಿಗಳಿಗೆ ಕಂಪ್ಯೂಟರು ಮೊದಲು ನಿಜವಾಗಿ ಮುಟ್ಟಿದ್ದು ಪಹಣಿಯ ಮೂಲಕ, 2000ದ ಆಸುಪಾಸಿನ ಭೂಮಿ ಯೋಜನೆಯಿಂದ. ಅಂದಿನಿಂದ ಸರ್ವರ್ ಅನ್ನುವುದು ಇಲ್ಲಿ ಮನೆಮಾತು.

ಟೀ ಅಂಗಡಿಯಲ್ಲಿ ಹತ್ತು ರೂಪಾಯಿ ಯುಪಿಐ ಮಾಡಿ ಫೋನನ್ನು ಅಂಗಡಿಯವರ ಮುಖಕ್ಕೆ ಹಿಡಿದೆ, ಹಸಿರು ಟಿಕ್ ಬಂದಿದೆ ನೋಡಿ ಎಂದು. ಆ ತಾಯಿ ನನ್ನ ಫೋನಿನ ಕಡೆ ಕಣ್ಣೂ ಹಾಯಿಸಲಿಲ್ಲ. ‘ಇರಿ ಸಾರ್, ಡಬ್ಬ ಹೇಳ್ಲಿ’ ಅಂದರು. ಎಣ್ಣೆ ಡಬ್ಬದ ಪಕ್ಕದಲ್ಲಿದ್ದ ಸೌಂಡ್‌ಬಾಕ್ಸು ಹತ್ತು ರೂಪಾಯಿ ಬಂತೆಂದು ಕನ್ನಡದಲ್ಲಿ ಕೂಗಿದ ಮೇಲೇ ಟೀ ಕೈಗೆ ಬಂತು. ಸಾಲ್ಟ್ಜರ್, ರೀಡ್, ಕ್ಲಾರ್ಕ್ ಎಂಬ ಮೂವರು 1981ರಲ್ಲಿ ಮಂಡಿಸಿ 1984ರಲ್ಲಿ ವಿಸ್ತರಿಸಿದ ವಾದ ಇದೇ: ತಲುಪಿತೋ ಇಲ್ಲವೋ ಎಂಬ ಖಾತ್ರಿಯನ್ನು ದಾರಿಯ ನಡುವಿನ ಯಾರೂ ಕೊಡಲಾರರು, ಕೊನೆಯ ತುದಿಯೇ ಕೊಡಬೇಕು. ಕಳಿಸಿದವನ ಪರದೆಗೆ ಆಕೆಯ ಅಂಗಡಿಯಲ್ಲಿ ಬೆಲೆಯಿಲ್ಲ.

ಸಂಜೆ ಡೇರಿ. ಬಾಗಿಲಿನಿಂದ ರಸ್ತೆಯವರೆಗೆ ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಕ್ಯಾನು, ತೂಕಡಿಸುವ ಒಂದು ನಾಯಿ. ಬರುವವರಲ್ಲಿ ಹೆಂಗಸರೇ ಹೆಚ್ಚು. ಸೆಕ್ರೆಟರಿ ಗೌಡರು ಸದಸ್ಯರ ನಂಬರು ಒತ್ತುತ್ತಾರೆ, ಹಾಲು ತಕ್ಕಡಿಯ ಪಾತ್ರೆಗೆ ಬೀಳುತ್ತದೆ, ಒಂದು ಸಣ್ಣ ಲೋಟದಷ್ಟನ್ನು ಪರೀಕ್ಷೆಯ ಯಂತ್ರದ ಕೊಳವೆ ಹೀರಿಕೊಳ್ಳುತ್ತದೆ. ಯಂತ್ರ ಗುರ್ರೆನ್ನುತ್ತದೆ. ಫ್ಯಾಟ್ 4.1, ಎಸ್‌ಎನ್‌ಎಫ್ 8.5. ಪ್ರಿಂಟರಿನಿಂದ ನಾಲ್ಕು ಬೆರಳಗಲದ ಚೀಟಿ ಬರುತ್ತದೆ, ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗುತ್ತಾರೆ. ಚೀಟಿಯಲ್ಲಿದ್ದದ್ದೇ ಸರ್ವರಿಗೂ ಹೋಗಬೇಕು. ಬಟವಾಡೆ ಆಗುವುದು ಅದರ ಮೇಲೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನದ ಲೆಕ್ಕವೂ ಅದರ ಮೇಲೆಯೇ. ಒಂದು ಸಾಲು ಕಳೆದರೆ ಒಬ್ಬಾಕೆಯ ಒಂದು ಹೊತ್ತಿನ ಹಾಲು ನೀರುಪಾಲು. ಒಂದೇ ಸಾಲು ಎರಡು ಸಲ ಹೋದರೆ ಆಡಿಟ್‌ನಲ್ಲಿ ಗೌಡರ ತಲೆದಂಡ.

‘ನಿಮ್ಮ ಮಷೀನಿಗೆ ಮಳೆ ಆಗಲ್ಲ ಸಾರ್’ ಅಂದರು ಗೌಡರು. ‘ಕರೆಂಟಿದೆ, ನೆಟ್‌ವರ್ಕಿದೆ, ನನ್ನ ಫೋನಲ್ಲಿ ವಿಡಿಯೋ ಓಡ್ತದೆ. ಇದು ಮಾತ್ರ ಮತ್ತೆ ಮತ್ತೆ ಅದನ್ನೇ ಹೇಳ್ತದೆ.’

ಪೆಟ್ಟಿಗೆಯೊಳಗೆ ಹೋಗಿ ಲಾಗ್ ನೋಡಿದೆ. ಬಳಕೆದಾರನಿಗೆ ‘ಕಳಿಸಲು ಆಗಲಿಲ್ಲ’ ಎಂದು ತೋರಿಸುವ ಜಾಗದಲ್ಲಿ ಒಳಗೆ ಬರೆದಿದ್ದದ್ದು ‘ಬ್ರೋಕನ್ ಪೈಪ್’. ಪ್ರೋಗ್ರಾಂ ಬರೆಯುವವರಿಗೆ ಇದು ಹಳೇ ಪರಿಚಯ. ಯುನಿಕ್ಸ್‌ಗೆ ಒಂದು ಪ್ರೋಗ್ರಾಮಿನ ಬರಹವನ್ನು ಇನ್ನೊಂದಕ್ಕೆ ಹರಿಸುವ ಪೈಪುಗಳು ಬಂದದ್ದು 1973ರಲ್ಲಿ, ಮ್ಯಾಕ್‌ಇಲ್ರಾಯ್ ಒತ್ತಾಯಕ್ಕೆ ಕೆನ್ ಥಾಂಪ್ಸನ್ ಹಾಕಿಕೊಟ್ಟದ್ದು. ಆ ಕಡೆ ಓದುವವರೇ ಇಲ್ಲದ ಪೈಪಿಗೆ ಬರೆಯಹೋದರೆ ಯುನಿಕ್ಸ್ ಆ ಪ್ರೋಗ್ರಾಮನ್ನು ಹೇಳದೆ ಕೇಳದೆ ಕೊಂದುಹಾಕುತ್ತದೆ. ಸಿಗ್‌ಪೈಪ್ ಎಂಬ ಆ ಸಂಕೇತ ಬೇಡವೆಂದು ತಡೆದರೆ ಮಾತ್ರ, ಸಾಯಿಸುವ ಬದಲು ತಪ್ಪಿನ ನಂಬರು ಕೈಗೆ ಕೊಡುತ್ತದೆ. ಪೈಪಿಗೆ ಮಾಡಿದ ಕಟ್ಟಳೆ ನೆಟ್‌ವರ್ಕಿಗೂ ಹಾಗೆಯೇ ಬಂತು. ಅಂದರೆ ಸರ್ವರು ತನ್ನ ಕಡೆಯ ಬಾಗಿಲು ಹಾಕಿಕೊಂಡಿತ್ತು, ನಮ್ಮ ಪೆಟ್ಟಿಗೆ ಇನ್ನೂ ಬರೆಯುತ್ತಲೇ ಇತ್ತು. ಯಾಕೆ ಹಾಕಿಕೊಂಡಿತು ಎಂಬುದು ಲಾಗಿನಲ್ಲಿ ಇರಲಿಲ್ಲ.

ಆ ರಾತ್ರಿ ಡೇರಿಯ ಬೆಂಚಿನ ಮೇಲೆ ಕೂತು, ತಂತಿಯ ಮೇಲೆ ಹೋಗಿಬರುವ ಪ್ಯಾಕೆಟ್ಟುಗಳನ್ನೆಲ್ಲ ಹಿಡಿದಿಡಲು ಟಿಸಿಪಿಡಂಪ್ ಹಚ್ಚಿಟ್ಟು ಮಲಗಿದೆ.

ಮಾರನೆಯ ದಿನ ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಡೇರಿಯಲ್ಲಿ ಕೆಲಸವಿಲ್ಲ. ಗೌಡರು ಬೈಕಿನಲ್ಲಿ ಮಾರ್ಕೋನಹಳ್ಳಿಗೆ ಕರೆದುಕೊಂಡು ಹೋದರು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಕಾವೇರಿ ಸೇರುವ ಶಿಂಷೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಕಟ್ಟು. ನಡುವೆ 139 ಮೀಟರ್ ಕಲ್ಲಿನ ಕಟ್ಟಡ, ಆಚೀಚೆ 1,470 ಮೀಟರ್ ಮಣ್ಣಿನ ಏರಿ. ಕನ್ನಂಬಾಡಿ ನೋಡಿ ಬಂದವರಿಗೆ ಚಿಕ್ಕದೆನಿಸಬಹುದು. ಆದರೆ ಇದರ ಹೊಟ್ಟೆಯೊಳಗಿರುವುದು ಸೈಫನ್. ಗೇಟಿಲ್ಲ, ಚಕ್ರವಿಲ್ಲ, ತಿರುಗಿಸುವ ಮನುಷ್ಯನಿಲ್ಲ. ನೀರು ತುಂಬುಮಟ್ಟ ದಾಟಿದರೆ ಗೂಡಿನೊಳಗಿನ ತುಟಿಯ ಮೇಲಿಂದ ಇಳಿಯತೊಡಗುತ್ತದೆ, ಇಳಿಯುತ್ತಾ ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕ್ಷಣ ಇಡೀ ಕೊಳವೆ ತುಂಬಿ, ಕೆರೆಯನ್ನೇ ಹೀರುವ ಹಾಗೆ ಭೋರಿಡುತ್ತದೆ. ಮಟ್ಟ ಇಳಿದು ಗಾಳಿಕಿಂಡಿ ತೆರೆದುಕೊಂಡಿತೋ, ಗಾಳಿ ನುಗ್ಗಿ ತಾನಾಗಿ ನಿಲ್ಲುತ್ತದೆ. ನಾನು ನೋಡಿದಾಗ ಅದು ಸುಮ್ಮನಿತ್ತು. ಹೇಳದೆ ಕೇಳದೆ ಶುರುವಾಗುವುದೇ ಅದರ ಗುಣ, ಅದೇ ಅದರ ಅಪಾಯ. 2025ರ ಅಕ್ಟೋಬರಿನಲ್ಲಿ ಕೆಳಗೆ ನೀರಿಗಿಳಿದಿದ್ದ ಒಂದು ಕುಟುಂಬದವರು ಸೈಫನ್ ನೀರಿಗೆ ಸಿಕ್ಕಿ ಕೊಚ್ಚಿಹೋದರು. ಗೌಡರು ನನ್ನನ್ನು ಕಲ್ಲಿನ ಮೇಲೆಯೇ ನಿಲ್ಲಿಸಿದರು, ಒಂದು ಹೆಜ್ಜೆ ಕೆಳಗೆ ಬಿಡಲಿಲ್ಲ.

ಏರಿಯ ಮೇಲೆ ಸಿಕ್ಕಿದವರು ಒಬ್ಬ ನೀರುಗಂಟಿ. ವಯಸ್ಸಾದವರು, ಹೆಗಲ ಮೇಲೆ ಟವಲ್ಲು, ಕೈಯಲ್ಲಿ ಕೀಪ್ಯಾಡ್ ಫೋನು.

‘ತೂಬು ಎತ್ತಿದ ಮೇಲೆ ಕೊನೇ ಗದ್ದೆಗೆ ನೀರು ಹೋಯ್ತು ಅಂತ ಹೆಂಗೆ ಗೊತ್ತಾಗ್ತದೆ ಯಜಮಾನ್ರೇ?’

‘ಎತ್ತಿದ ಮಾತ್ರಕ್ಕೆ ಏನ್ ಗೊತ್ತಾಯ್ತದೆ ಸ್ವಾಮಿ. ಇಲ್ಲಿ ನೀರು ಇಳೀತಾ ಇರೋದು ಕಾಣ್ತದೆ, ಅಷ್ಟೇ. ಮಧ್ಯ ಎಲ್ಲಿ ಒಡ್ಕಂಡವ್ರೆ, ಎಲ್ಲಿ ಹೂಳು ಕಟ್ಟೈತೆ, ಇಲ್ಲಿ ನಿಂತ್ರೆ ಕಾಣಕಿಲ್ಲ. ಕೊನೆಯೋನು ಬಂತು ಅನ್ಬೇಕು. ಇಲ್ಲಾ ನಾನೇ ನಡ್ಕಂಡು ಹೋಗ್ಬೇಕು.’

ಇದಕ್ಕಿಂತ ಚೆನ್ನಾಗಿ ರೈಟ್ ಎಂಬ ಕರೆಯನ್ನು ನನಗೆ ಯಾವ ಪುಸ್ತಕವೂ ವಿವರಿಸಿಲ್ಲ. ನಮ್ಮ ಪ್ರೋಗ್ರಾಂ ರೈಟ್ ಎಂದು ಕರೆದಾಗ ಡೇಟಾ ಹೋಗಿ ಬೀಳುವುದು ಅದೇ ಯಂತ್ರದ ಕರ್ನಲ್ಲಿನ ಬಫರಿಗೆ. ‘ಆಯಿತು’ ಎಂಬ ಉತ್ತರದ ಅರ್ಥ, ತೂಬಿನಲ್ಲಿ ನೀರು ಇಳಿಯಿತು ಎಂದಷ್ಟೇ. ಎಲ್ಲವನ್ನೂ ತೆಗೆದುಕೊಳ್ಳದೆ ಅರ್ಧವನ್ನಷ್ಟೇ ತೆಗೆದುಕೊಂಡು ‘ಇಷ್ಟು ಆಯಿತು’ ಎಂದೂ ಅನ್ನಬಹುದು. ಉಳಿದದ್ದನ್ನು ಮತ್ತೆ ಕೊಡುವುದು ಪ್ರೋಗ್ರಾಮಿನ ಹೊಣೆ. ಆ ತುದಿ ಸತ್ತುಹೋಗಿದ್ದರೂ ಲಿನಕ್ಸ್ ತನ್ನ ಪಾಡಿಗೆ 15 ಸಲ, ಹೆಚ್ಚುಕಡಿಮೆ ಕಾಲು ಗಂಟೆ, ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಅಲ್ಲಿಯವರೆಗೆ ತಪ್ಪಿನ ಸುದ್ದಿಯೇ ಇಲ್ಲ. ಸರ್ವರು ಬಾಗಿಲು ಹಾಕಿಕೊಂಡ ಮೇಲೆ ಕಳಿಸಿದ ಮೊದಲ ರೈಟ್ ಸಲೀಸಾಗಿ ‘ಆಯಿತು’ ಅನ್ನಿಸಿಕೊಳ್ಳುತ್ತದೆ. ಅದು ಆ ತುದಿಗೆ ಹೋಗಿ, ‘ಇಲ್ಲಿ ಯಾರೂ ಇಲ್ಲ’ ಎಂಬ ಆರ್‌ಎಸ್‌ಟಿ ಪ್ಯಾಕೆಟ್ಟು ವಾಪಸು ಬಂದ ಮೇಲೆ, ಎರಡನೆಯ ರೈಟ್ ಒದೆ ತಿನ್ನುತ್ತದೆ. ತಪ್ಪು ಮಾಡಿದ ಕರೆ ಒಂದು, ತಪ್ಪಿನ ಹೆಸರು ಹೊತ್ತದ್ದು ಇನ್ನೊಂದು. ಹಾಗಾಗಿ ತಪ್ಪು ಬಂದ ಸಾಲಿನಿಂದಾಚೆಗಿನದು ಮಾತ್ರ ಹೋಗಿಲ್ಲ ಎಂದು ನಂಬಿ ಕೂತವನ ಲೆಕ್ಕ ಎಂದೂ ತಾಳೆಯಾಗದು.

ಮಧ್ಯಾಹ್ನ ಗೌಡರ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ಊಟವಾದ ಮೇಲೆ ರಾತ್ರಿ ಹಿಡಿದಿಟ್ಟ ಪ್ಯಾಕೆಟ್ಟುಗಳನ್ನು ಬಿಚ್ಚಿಕೊಂಡು ಕೂತೆ. ಅವರ ತೆಂಗಿನ ತೋಟದ ನೆರಳಿನಲ್ಲಿ ಕಂಡದ್ದನ್ನು ಇಷ್ಟು ದೂರ ಬಂದದ್ದಕ್ಕೆ ಸಿಕ್ಕ ದರ್ಶನ ಎಂದೇ ಕರೆಯಬೇಕು.

ನಮ್ಮ ಪೆಟ್ಟಿಗೆ, ನೆಟ್‌ವರ್ಕ್ ಇಲ್ಲದ ದಿನಗಳ ಲೆಕ್ಕವನ್ನೆಲ್ಲ ಒಂದೇ ಗಂಟು ಮಾಡಿ ಕಳಿಸುತ್ತಿತ್ತು. ಗಂಟಿನ ತೂಕವನ್ನು ಗಂಟಿಗೂ ಮುಂಚೆ ಹೋಗುವ ಹೆಡರಿನ ಸಾಲುಗಳಲ್ಲೇ ಹೇಳುವುದು ಎಚ್‌ಟಿಟಿಪಿಯ ಪದ್ಧತಿ. ಆ ಕಡೆ ಇದ್ದದ್ದು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರು. ಬೇರೆ ಹೇಳದಿದ್ದರೆ ಅದು 1 ಎಂಬಿಗಿಂತ ದೊಡ್ಡ ಗಂಟನ್ನು ಮುಟ್ಟುವುದಿಲ್ಲ. ತೂಕ ಕೇಳಿದ ಕೂಡಲೇ, ಎರಡು ಸೆಕೆಂಡಿನೊಳಗೆ, ಅದು ಉತ್ತರ ಬರೆದು ಕಳಿಸಿಬಿಟ್ಟಿತ್ತು: 413, ಇದು ತೀರ ದೊಡ್ಡದು. ಅಷ್ಟಕ್ಕೇ ಬಾಗಿಲು ದಬ್ಬಲಿಲ್ಲ. ತಟ್ಟನೆ ಹಾಕಿಕೊಂಡರೆ ತನ್ನ ಉತ್ತರ ಓದುವ ಮೊದಲೇ ಆ ಕಡೆಯವನ ಸಂಪರ್ಕ ಮುರಿದುಬೀಳಬಹುದೆಂಬ ಮರ್ಯಾದೆಗೆ, ಬರುತ್ತಿದ್ದದ್ದನ್ನು ತೆಗೆದುಕೊಂಡು ಚೆಲ್ಲುತ್ತಾ 30 ಸೆಕೆಂಡು ಕಾದಿತು. ಬೆಂಗಳೂರಿನ ಕಚೇರಿಯ ಫೈಬರಿನಲ್ಲಿ 30 ಸೆಕೆಂಡಿಗೆ ಎಂಥ ಗಂಟೂ ಹೋಗಿ ಮುಗಿದಿರುತ್ತದೆ. ಆಮೇಲೆ ಪ್ರೋಗ್ರಾಂ ಸಾವಕಾಶವಾಗಿ ಉತ್ತರ ಓದುತ್ತದೆ. ಇಲ್ಲಿ ಪೆಟ್ಟಿಗೆಯಲ್ಲಿದ್ದದ್ದು ಹಳೇ 2ಜಿ ಸಿಮ್ಮು. 30 ಸೆಕೆಂಡಿಗೆ ಗಂಟಿನ ಕಾಲು ಭಾಗವೂ ಹೋಗಿರಲಿಲ್ಲ. ಸರ್ವರು ಬಾಗಿಲು ಹಾಕಿತು. ಮುಂದಿನ ರೈಟ್ ಬ್ರೋಕನ್ ಪೈಪ್ ಎಂದಿತು. ನಮ್ಮ ಹಳೇ ಕೋಡು ಆ ತಪ್ಪು ಕಂಡ ಕೂಡಲೇ ಸಾಕೆಟ್ ಮುಚ್ಚಿ ಬಿಸಾಡಿತು. ಆ ಸಾಕೆಟ್ಟಿನ ಇನ್ನೊಂದು ಕಿಸೆಯಲ್ಲಿ, ಬಂದ ಡೇಟಾ ಇಡುವ ಬಫರಿನಲ್ಲಿ, ಅರ್ಧ ನಿಮಿಷದಿಂದ ಆ 413 ಯಾರೂ ಓದದೆ ಬಿದ್ದಿತ್ತು.

ಇನ್ನೂ ಮಜ ಮುಂದಿದೆ. ಕಳಿಸಲಾಗದ್ದು ಬಾಕಿಗೆ ಸೇರುತ್ತದೆ. ಸಂಜೆಯ ಹಾಲು ಕೂಡಿ ಗಂಟು ಇನ್ನಷ್ಟು ದೊಡ್ಡದಾಗುತ್ತದೆ. ಮತ್ತೆ ಪ್ರಯತ್ನಿಸಿ ಎಂದು ಪರದೆ ಹೇಳಿದಷ್ಟೂ, ಗೌಡರು ಪ್ರಯತ್ನಿಸಿದಷ್ಟೂ, ಹೋಗುವ ಸಾಧ್ಯತೆಯೇ ಇಲ್ಲವಾಗುತ್ತ ನಡೆದಿತ್ತು.

ಎಚ್‌ಟಿಟಿಪಿಯ ಈಗಿನ ನಿಯಮಪುಸ್ತಕ, 2022ರ ಆರ್‌ಎಫ್‌ಸಿ 9112, ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಉದ್ದದ್ದನ್ನು ಕಳಿಸುವವನು ಕಳಿಸುತ್ತಿರುವಾಗಲೇ ಆ ಕಡೆಯಿಂದ ಬೇಡವೆಂಬ ಉತ್ತರ ಬಂತೇ ಎಂದು ಕಣ್ಣಿಟ್ಟಿರಬೇಕು. ಹೆಚ್ಚಿನ ಕೋಡು ಹೀಗಿರುವುದಿಲ್ಲ. ಮೊದಲು ಪೂರ್ತಿ ಬರೆ, ಆಮೇಲೆ ಓದು. ಬರೆಯುವುದರಲ್ಲಿ ತಪ್ಪಾದರೆ ಅಲ್ಲೇ ಬಿಟ್ಟು ಎದ್ದುಬಾ. ಕಲಿಸುವ ಪುಸ್ತಕಗಳ ಉದಾಹರಣೆಗಳೇ ಹಾಗಿರುತ್ತವೆ. ಅವನ್ನು ಅಂಟಿಸಿಕೊಂಡು ಬೆಳೆದ ಕೋಡು ಇನ್ನು ಹೇಗಿದ್ದೀತು? ನನ್ನ ಅಭಿಪ್ರಾಯ ಕೇಳಿದರೆ, ಕ್ಲೈಂಟ್ ಬರೆಯುವವನು ರೈಟ್ ಕೊಟ್ಟ ತಪ್ಪನ್ನು ಕಾರಣವೆಂದು ನಂಬಲೇಬಾರದು. ಅದು ಗಾಯದ ಕಲೆ. ಏಟು ಹಾಕಿದವನು ಏನೆಂದ ಎಂಬುದು ಓದುವ ಕರೆಯಾದ ರೀಡ್‌ನ ಕಡೆ ಇರುತ್ತದೆ. ಬರೆಯುವುದು ಸೋತರೆ, ಮುಚ್ಚುವ ಮುಂಚೆ ಒಮ್ಮೆ ಓದಬೇಕು. ಅಲ್ಲಿ ಏನೂ ಸಿಗದಿದ್ದಾಗ ಮಾತ್ರ ರೈಟ್‌ನ ತಪ್ಪನ್ನು ವರದಿ ಮಾಡಬೇಕು.

ಬದಲಾಯಿಸಿದ್ದು ಹೆಚ್ಚಿಲ್ಲ. ಬರೆಯುತ್ತಲೇ ಓದುವ ಹಾಗೆ ಮಾಡಿದೆ. ಗಂಟನ್ನು ನೂರು ಸಾಲಿನ ಸಣ್ಣ ಕಟ್ಟುಗಳಾಗಿ ಒಡೆದೆ. ಮೂರನೆಯದಕ್ಕೆ ಮಾತ್ರ ಹೊತ್ತು ಹಿಡಿಯಿತು. ಸರ್ವರಿನಿಂದ ಯಾವ ಉತ್ತರವೂ ಬಾರದೆ ಸಂಪರ್ಕ ಸತ್ತರೆ, ಲೆಕ್ಕ ತಲುಪಿ ಉತ್ತರ ಕಳೆಯಿತೋ, ಲೆಕ್ಕವೇ ಕಳೆಯಿತೋ? ಈ ತುದಿಯಲ್ಲಿ ಕೂತು ತಿಳಿಯುವ ಉಪಾಯವೇ ಇಲ್ಲ. 1975ರಲ್ಲಿ ಅಕ್ಕೊಯುನ್ಲು, ಏಕನಾಥಂ, ಹ್ಯೂಬರ್ ಎಂಬ ಮೂವರು ಎರಡು ಕಳ್ಳರ ಗುಂಪುಗಳ ಕಥೆ ಕಟ್ಟಿ ಇದನ್ನು ತೋರಿಸಿದ್ದರು; 1978ರಲ್ಲಿ ಜಿಮ್ ಗ್ರೇ ಕಳ್ಳರಿಗೆ ಸೇನಾಪತಿಗಳಾಗಿ ಬಡ್ತಿ ಕೊಟ್ಟು ಹೆಸರಿಟ್ಟರು. ಕೆಡುವ ದಾರಿಯಲ್ಲಿ ಎಷ್ಟು ಓಲೆ, ಮಾರೋಲೆ ಕಳಿಸಿದರೂ ಕೊನೆಯ ಓಲೆ ತಲುಪಿತೇ ಎಂಬ ಸಂಶಯ ಉಳಿದೇ ಉಳಿಯುತ್ತದೆ. ಯುಪಿಐನಲ್ಲಿ ನಮ್ಮ ಖಾತೆಯಿಂದ ಹಣ ಕಡಿತವಾಗಿ ಆ ಕಡೆ ಜಮೆಯಾಗದ ಫಜೀತಿ ಇದರ ಮಗುವೇ. ಅದಕ್ಕೆಂದೇ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಗಡುವು ಹಾಕಿತು: ಒಬ್ಬರಿಂದೊಬ್ಬರಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ 5 ದಿನದೊಳಗೆ ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಸಂಶಯವನ್ನು ನೀಗಲಾಗದು, ಅದಕ್ಕೊಂದು ವಾಯಿದೆ ಹಾಕಬಹುದು.

ನಮಗೆ ಸುಲಭದ ದಾರಿಯಿತ್ತು. ಹಾಲಿನ ಪ್ರತಿ ಸಾಲಿಗೂ, ಚೀಟಿ ಪ್ರಿಂಟಾಗುವಾಗಲೇ ಇನ್ನೆಲ್ಲೂ ಬಾರದ ಒಂದು ನಂಬರು ಕೊಡುವುದು. ಅದೇ ನಂಬರು ಎರಡನೆಯ ಸಲ ಬಂದರೆ ಸರ್ವರು ‘ಸಿಕ್ಕಿದೆ’ ಎಂದು ಸುಮ್ಮನಾಗುವುದು. ಆಗ ಸಂಶಯ ಬಂದಾಗಲೆಲ್ಲ ಧೈರ್ಯವಾಗಿ ಮತ್ತೆ ಕಳಿಸಬಹುದು. ಸರ್ವರು ಆ ನಂಬರನ್ನೇ ಹೇಳಿ ಸಿಕ್ಕಿತೆನ್ನುವವರೆಗೆ ಪೆಟ್ಟಿಗೆ ತನ್ನ ಪ್ರತಿಯನ್ನು ಅಳಿಸುವ ಹಾಗಿಲ್ಲ. ಸರ್ವರಿನ ಕಡೆಯ ಬದಲಾವಣೆಗೆ ಬೆಂಗಳೂರಿನ ಗೆಳತಿಗೆ ಫೋನ್ ಹಚ್ಚಿದೆ, ಬೈದುಕೊಂಡೇ ಮಾಡಿಕೊಟ್ಟಳು.

ಸಂಜೆ ಮೊದಲು ಹೊಸ ಓದುವ ಭಾಗವನ್ನಷ್ಟೇ ಹಾಕಿ, ಹಳೇ ದೊಡ್ಡ ಗಂಟನ್ನೇ ಕಳಿಸಿ ನೋಡಿದೆ. ಪರದೆಯ ಮೇಲೆ ಸರ್ವರಿನ ಮಾತು ಬಂತು. ಗೌಡರಿಗೆ ಅರ್ಥ ಹೇಳಿದೆ.

‘ದೊಡ್ಡದಾಯ್ತು ಅಂತ ಮೊದ್ಲೇ ಹೇಳ್ಬಾರ್ದಾಗಿತ್ತಾ ಅದು?’

‘ಪ್ರತಿ ಸಲಾನೂ ಹೇಳಿದೆ ಗೌಡ್ರೇ. ನಮ್ಮ ಪೆಟ್ಟಿಗೆ ಓದಿಲ್ಲ.’

ಆಮೇಲೆ ಸಣ್ಣ ಕಟ್ಟುಗಳು ಹೊರಟವು. ಎರಡು ಸಲ ಸಿಗ್ನಲ್ ಹೋಯಿತು, ಒಂದು ಕಟ್ಟು ಮತ್ತೆ ಹೋಯಿತು, ಆ ಕಟ್ಟಿನ ಪ್ರತಿ ಸಾಲಿಗೂ ಸರ್ವರು ‘ಸಿಕ್ಕಿದೆ’ ಎಂದು ಉತ್ತರಿಸಿತು. ಕ್ಯಾನು ಹಿಡಿದು ನಿಂತ ಹೆಂಗಸರಿಗೆ ಇದಾವುದರ ಗೊಡವೆಯೂ ಇರಲಿಲ್ಲ. ‘ಬೇಗ ಬೇಗ ಅಳೀರಿ ಗೌಡ್ರೇ, ಕರ ಕಟ್ಬೇಕು’ ಎಂದು ಒಬ್ಬಾಕೆ ಗದರಿಸಿದರು. ಬಾಕಿ ಕರಗಿದ ಮೇಲೆ ಗೌಡರು ತಮ್ಮ ಬೇಡಿಕೆ ಮುಂದಿಟ್ಟರು. ಸರ್ವರು ಏನು ಹೇಳಿದರೂ ಕನ್ನಡದಲ್ಲಿ ಕಾಣಬೇಕು. ತಾವಿಲ್ಲದ ದಿನ ಕೂರುವ ಹುಡುಗನಿಗೆ ಇಂಗ್ಲಿಷು ಅಷ್ಟಕ್ಕಷ್ಟೇ.

ಅದನ್ನು ವಾಪಸು ಹೋಗುವಾಗ ಬರೆದೆ. ಎಡೆಯೂರಿನಲ್ಲಿ ರೈಲು ಹತ್ತಿ, 413ಕ್ಕೆ ‘ಒಂದೇ ಸಲಕ್ಕೆ ಇಷ್ಟು ಹಿಡಿಸದು, ಸಣ್ಣದಾಗಿ ಕಳಿಸಿ’ ಎಂದು, 401ಕ್ಕೆ ‘ಪಾಸ್‌ವರ್ಡ್ ಸರಿಯಿಲ್ಲ, ಮತ್ತೆ ಮತ್ತೆ ಒತ್ತಬೇಡಿ’ ಎಂದು ಹಾಕಿದೆ. 503 ಸರ್ವರಿಗೆ ಪುರುಸೊತ್ತಿಲ್ಲದಾಗ ಬರುವಂಥದ್ದು. ಎಷ್ಟು ಹೊತ್ತು ಬಿಟ್ಟು ಬರಬೇಕೆಂದು ಅದರ ಜೊತೆಯಲ್ಲೇ ಹೇಳಿ ಕಳಿಸುವ ಅನುಕೂಲವೂ ಇದೆ, ಸೆಕೆಂಡುಗಳ ಲೆಕ್ಕದಲ್ಲಿ. ಸೆಕೆಂಡನ್ನು ನಿಮಿಷ ಮಾಡಿ, ಗೌಡರ ಹುಡುಗನಿಗೆ ತಿಳಿಯುವಂತೆ ‘ಇಷ್ಟು ನಿಮಿಷ ಬಿಟ್ಟು ತಾನೇ ಕಳಿಸುತ್ತದೆ, ನೀವು ಹಾಲು ಅಳೆಯಿರಿ’ ಎಂದು ಬರೆದೆ.